ಕನ್ನಡ ಓದಿಸಲು ಯಾವ ಕ್ಲೌಡ್ ಸೇವೆ? ಟಿಟಿಎಸ್ ಆಯ್ಕೆಗೊಂದು ಹೋಲಿಕೆ

ಕನ್ನಡ ಪಠ್ಯವನ್ನು ಕೋಡ್ ಮೂಲಕ ಮಾತಾಗಿಸಬೇಕು (ಟೆಕ್ಸ್ಟ್-ಟು-ಸ್ಪೀಚ್, ಚಿಕ್ಕದಾಗಿ ಟಿಟಿಎಸ್) ಎಂದಾಗ ಹೆಚ್ಚಿನವರು ಮೊದಲು ಡೆಮೊ ಪುಟಕ್ಕೆ ಹೋಗಿ "ನಮಸ್ಕಾರ, ಹೇಗಿದ್ದೀರಿ?" ಎಂದು ಬರೆದು ಕೇಳುತ್ತಾರೆ. ಆ ಒಂದು ಸಾಲನ್ನು ಇವತ್ತು ಕನ್ನಡ ಬರುವ ಎಲ್ಲ ಸೇವೆಗಳೂ ಚೆನ್ನಾಗಿಯೇ ಓದುತ್ತವೆ. ಬಣ್ಣ ಬಯಲಾಗುವುದು "ಇದೇ 15ರಂದು ಬೆ. 10.30ಕ್ಕೆ ರೂ. 1,25,750 ಪಾವತಿಸಬೇಕು" ಎಂಬಂಥ ಸಾಲು ಕೊಟ್ಟಾಗ. ಆದ್ದರಿಂದ ಇಲ್ಲಿನ ಹೋಲಿಕೆಯಲ್ಲಿ ದನಿಯ ಇಂಪಿಗೆ ಕಡಿಮೆ ಜಾಗವಿದೆ. ನಿಮ್ಮ ಪಠ್ಯ ಎಂಥದ್ದು, ಎಷ್ಟು ಉದ್ದ, ಯಾರು ಎಲ್ಲಿ ಕೇಳುತ್ತಾರೆ ಎಂಬುದೇ ಸೇವೆಯನ್ನು ತೀರ್ಮಾನಿಸಬೇಕು.

ಅವಸರದಲ್ಲಿರುವವರಿಗೆ ತೀರ್ಪು ಮೊದಲೇ. ಸುದ್ದಿ, ಲೇಖನ, ಪ್ರಕಟಣೆಗಳನ್ನು ಕಡಿಮೆ ಖರ್ಚಿನಲ್ಲಿ ರಾಶಿಗಟ್ಟಲೆ ಓದಿಸಬೇಕಿದ್ದರೆ ಗೂಗಲ್ ಕ್ಲೌಡ್. ಓದುತ್ತಿರುವ ಪದ ಪರದೆಯ ಮೇಲೆ ಬಣ್ಣ ಬದಲಿಸಬೇಕು, ಮಕ್ಕಳ ಓದುಪುಸ್ತಕ ಮಾಡಬೇಕು ಎಂದರೆ ಮೈಕ್ರೊಸಾಫ್ಟ್ ಕಂಪನಿಯ ಅಜೂರ್. ಕನ್ನಡದೊಳಗೆ ಇಂಗ್ಲಿಷ್ ಧಾರಾಳವಾಗಿ ಬೆರೆತ ಸಂಭಾಷಣೆ, ಕಸ್ಟಮರ್ ಕೇರ್ ಬಾಟ್, ರೂಪಾಯಿಯಲ್ಲೇ ಬಿಲ್ ಬೇಕು ಎಂದರೆ ನಮ್ಮ ದೇಶದ್ದೇ ಕಂಪನಿಯಾದ ಸರ್ವಂ. ಸರ್ಕಾರಿ ಯೋಜನೆಯಾದರೆ ಕೇಂದ್ರ ಸರ್ಕಾರದ ವೇದಿಕೆಯಾದ ಭಾಷಿಣಿಯನ್ನು ಮೊದಲು ನೋಡಿ. ಅಮೆಜಾನ್ ಪಾಲಿ ಕನ್ನಡದ ಕೆಲಸಕ್ಕೆ ಬರುವುದಿಲ್ಲ, ಕಾರಣ ಮುಂದಿದೆ.

ಕ್ಲೌಡ್ ಬೇಕೇ?

ಆಂಡ್ರಾಯ್ಡ್ ಆ್ಯಪ್‌ನಲ್ಲಿ ಬಳಕೆದಾರ ಒಂದು ಪ್ಯಾರಾ ಆರಿಸಿ "ಓದು" ಒತ್ತುತ್ತಾನೆ, ಅಷ್ಟೇ ಕೆಲಸ ಎಂದಾದರೆ ಕ್ಲೌಡ್ ಬೇಡ. ಆಂಡ್ರಾಯ್ಡ್‌ನ ಟೆಕ್ಸ್ಟ್‌ಟುಸ್ಪೀಚ್ ಕ್ಲಾಸ್‌ಗೆ ಕನ್ನಡದ ಲೊಕೇಲ್ (ಭಾಷೆಯ ಸೂಚನೆ) ಕೊಟ್ಟರೆ ಫೋನ್‌ನಲ್ಲಿರುವ ಗೂಗಲ್‌ನ ಸ್ಪೀಚ್ ಎಂಜಿನ್ನೇ ಓದುತ್ತದೆ. ಕನ್ನಡದ ಧ್ವನಿ ಡೇಟಾ ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಬಿಲ್ ಸೊನ್ನೆ. ಬ್ರೌಸರ್‌ನಲ್ಲೂ ವೆಬ್ ಸ್ಪೀಚ್ ಎಪಿಐ ಇದೆ. ಆದರೆ ಅಲ್ಲಿ ಕನ್ನಡ ಧ್ವನಿ ಸಿಗುವುದು ಬಳಕೆದಾರನ ಸಾಧನದಲ್ಲಿ ಅಥವಾ ಬ್ರೌಸರ್‌ನಲ್ಲಿ ಅದು ಇದ್ದರೆ ಮಾತ್ರ, ನಿಮ್ಮ ಕೈಯಲ್ಲಿಲ್ಲ. ಎಲ್ಲರಿಗೂ ಒಂದೇ ದನಿ ಕೇಳಿಸಬೇಕು, ಆಡಿಯೊ ಕಡತವಾಗಿ ಉಳಿಯಬೇಕು, ಫೋನ್ ಕರೆಯಲ್ಲಿ ಬಿತ್ತರವಾಗಬೇಕು ಎಂದಾಗ ಮಾತ್ರ ಕ್ಲೌಡ್‌ಗೆ ಹೋಗಿ.

ಜಿಟಿಟಿಎಸ್, ಎಜ್-ಟಿಟಿಎಸ್ ಎಂಬ ಪೈಥಾನ್ ಲೈಬ್ರರಿಗಳ ಬಗ್ಗೆಯೂ ಒಂದು ಮಾತು. ಮೊದಲನೆಯದು ಗೂಗಲ್ ಟ್ರಾನ್ಸ್‌ಲೇಟ್ ಪುಟದ ದನಿಯನ್ನೂ, ಎರಡನೆಯದು ಎಜ್ ಬ್ರೌಸರ್‌ನ "ಗಟ್ಟಿಯಾಗಿ ಓದು" ಸೌಲಭ್ಯವನ್ನೂ ಹಿಂಬಾಗಿಲಿನಿಂದ ಬಳಸುತ್ತವೆ. ಕೀ ಬೇಡ, ದುಡ್ಡು ಬೇಡ, ಎರಡರಲ್ಲೂ ಕನ್ನಡ ಇದೆ. ಕಾಲೇಜು ಪ್ರಾಜೆಕ್ಟ್‌ಗೆ ಸರಿ. ಗ್ರಾಹಕರಿಗೆ ಕೊಡುವ ಉತ್ಪನ್ನದಲ್ಲಿ ಬೇಡ: ಒಪ್ಪಂದವಿಲ್ಲದ ಸೇವೆ ಯಾವತ್ತು ಬೇಕಾದರೂ ಬಾಗಿಲು ಹಾಕಬಹುದು. ರಿಕ್ವೆಸ್ಟ್ ಹೆಚ್ಚಾದಾಗ 429 ದೋಷ ಬರತೊಡಗಿದರೆ ದೂರು ಕೊಡಲು ಅಲ್ಲಿ ಯಾರೂ ಇಲ್ಲ.

ಗೂಗಲ್ ಕ್ಲೌಡ್

ಭಾಷಾ ಸಂಕೇತ ಕೆಎನ್-ಐಎನ್. ಕನ್ನಡಕ್ಕೆ ಸ್ಟ್ಯಾಂಡರ್ಡ್, ವೇವ್‌ನೆಟ್ ಮತ್ತು ಚರ್ಪ್ 3 ಎಚ್‌ಡಿ ದರ್ಜೆಯ ಧ್ವನಿಗಳಿವೆ. ಸ್ಟ್ಯಾಂಡರ್ಡ್ ಧ್ವನಿಯ ದರ ಹತ್ತು ಲಕ್ಷ ಅಕ್ಷರಕ್ಕೆ 4 ಡಾಲರ್, ತಿಂಗಳಿಗೆ ಮೊದಲ 40 ಲಕ್ಷ ಅಕ್ಷರ ಉಚಿತ. ಚರ್ಪ್ 3 ಎಚ್‌ಡಿಗೆ ಹತ್ತು ಲಕ್ಷಕ್ಕೆ 30 ಡಾಲರ್, ಮೊದಲ 10 ಲಕ್ಷ ಉಚಿತ. ಸ್ಟ್ಯಾಂಡರ್ಡ್ ದನಿ ಯಂತ್ರದ್ದೆಂದು ಥಟ್ಟನೆ ಗೊತ್ತಾಗುತ್ತದೆ. ಬಸ್ ನಿಲ್ದಾಣದ ಪ್ರಕಟಣೆಗೆ ಅದೇ ಸಾಕು, ಅರ್ಧ ಗಂಟೆಯ ಕತೆಗೆ ಸಾಲದು. ಚರ್ಪ್ ಸಹಜವಾಗಿ ಉಸಿರಾಡುತ್ತದೆ. ಆದರೆ ಅದು, ಓದುವ ರೀತಿಯನ್ನು ಟ್ಯಾಗ್ ಮೂಲಕ ಹೇಳುವ ಮಾರ್ಕಪ್ ಭಾಷೆಯಾದ ಎಸ್‌ಎಸ್‌ಎಂಎಲ್‌ನ ಎಲ್ಲ ಟ್ಯಾಗ್‌ಗಳನ್ನೂ ಒಪ್ಪುವುದಿಲ್ಲ. ವೇವ್‌ನೆಟ್‌ಗೆ ಬರೆದ ಮಾರ್ಕಪ್ ಚರ್ಪ್‌ನಲ್ಲೂ ಹಾಗೇ ನಡೆಯುತ್ತದೆ ಎಂದುಕೊಳ್ಳಬೇಡಿ.

ಪೈಥಾನ್‌ನಲ್ಲಿ ಕೆಲಸ ಹೀಗೆ. ಕನ್ಸೋಲ್‌ನಲ್ಲಿ ಪ್ರಾಜೆಕ್ಟ್ ತೆರೆದು, ಬಿಲ್ಲಿಂಗ್ ಜೋಡಿಸಿ, ಟೆಕ್ಸ್ಟ್-ಟು-ಸ್ಪೀಚ್ ಎಪಿಐಯನ್ನು ಸಕ್ರಿಯಗೊಳಿಸಿ. ಈ ಕೊನೆಯ ಹೆಜ್ಜೆ ಮರೆತವರಿಗೆ 403 (ಅನುಮತಿ ಇಲ್ಲ) ದೋಷ ಬರುತ್ತದೆ, ಕೀ ತಪ್ಪಿರಬೇಕು ಎಂದು ಅವರು ಬೇರೆಲ್ಲೋ ಹುಡುಕುತ್ತಿರುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಜಿಕ್ಲೌಡ್ ಕಮಾಂಡ್‌ನಿಂದ ಅಪ್ಲಿಕೇಷನ್-ಡೀಫಾಲ್ಟ್ ಲಾಗಿನ್ ಮಾಡಿಕೊಳ್ಳಿ. ಸರ್ವರ್‌ನಲ್ಲಿ ಸರ್ವಿಸ್ ಅಕೌಂಟ್ ಬಳಸಿ. ಆಮೇಲೆ ಲೈಬ್ರರಿ ಹಾಕಿಕೊಂಡು ಮೂರು ವಸ್ತುಗಳನ್ನು ಕಟ್ಟಬೇಕು: ಪಠ್ಯ ಹಿಡಿಯುವ ಸಿಂಥೆಸಿಸ್ ಇನ್‌ಪುಟ್, ಧ್ವನಿ ಆರಿಸುವ ವಾಯ್ಸ್ ಸೆಲೆಕ್ಷನ್ ಪ್ಯಾರಾಮ್ಸ್, ಆಡಿಯೊ ಬಗೆ ಹೇಳುವ ಆಡಿಯೊ ಕಾನ್ಫಿಗ್. ಮೂರನ್ನೂ ಸಿಂಥೆಸೈಜ್ ಸ್ಪೀಚ್ ಎಂಬ ಒಂದೇ ಕರೆಗೆ ಕೊಟ್ಟರೆ ಉತ್ತರದಲ್ಲಿ ಆಡಿಯೊ ಬೈಟ್‌ಗಳು ಬರುತ್ತವೆ. ಕಡತವನ್ನು ಬೈನರಿ ಮೋಡ್‌ನಲ್ಲಿ ತೆರೆದು ಬರೆಯಿರಿ. ಲೈಬ್ರರಿ ಬಿಟ್ಟು ನೇರ ರೆಸ್ಟ್ (ಎಚ್‌ಟಿಟಿಪಿ) ಕರೆ ಮಾಡುವವರಿಗೆ ಬರುವುದು ಬೇಸ್64 ಪಠ್ಯ, ಅಂದರೆ ಅಕ್ಷರರೂಪಕ್ಕೆ ತಂದ ಬೈಟ್‌ಗಳು. ಅದನ್ನು ಡಿಕೋಡ್ ಮಾಡದೆ ಎಂಪಿ3 ಎಂದು ಉಳಿಸಿದರೆ ಪ್ಲೇಯರ್ ತೆರೆಯುವುದಿಲ್ಲ.

ಧ್ವನಿಯ ಪೂರ್ಣ ಹೆಸರನ್ನು ಯಾವಾಗಲೂ ಬರೆಯಿರಿ. ಬರೀ ಭಾಷಾ ಸಂಕೇತ ಕೊಟ್ಟರೆ ಸೇವೆ ತನಗೆ ತೋಚಿದ ಧ್ವನಿ ಆರಿಸುತ್ತದೆ. ಇವತ್ತು ಹೆಣ್ಣುದನಿಯಲ್ಲಿ ಬಂದ ಸರಣಿ ಮುಂದೊಂದು ದಿನ ಬೇರೆ ದನಿಯಲ್ಲಿ ಬರಬಹುದು.

ಗೂಗಲ್‌ನ ಮಿತಿ ಒಂದು ರಿಕ್ವೆಸ್ಟ್‌ಗೆ 5000. ಇದು ಅಕ್ಷರವಲ್ಲ, ಬೈಟ್. ಇಂಗ್ಲಿಷ್‌ನವರಿಗೆ ಎರಡೂ ಒಂದೇ ಆದ್ದರಿಂದ ಅಲ್ಲಿನ ಉದಾಹರಣೆಗಳಲ್ಲಿ ಈ ತೊಡಕು ಕಾಣುವುದೇ ಇಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಹಾಗಾಗಿ ನಿಮಗೆ ಸಿಗುವುದು ಸುಮಾರು 1,660 ಚಿಹ್ನೆ, ಅಂದಾಜು 200 ಪದ. ಇನ್ನೂ ಉದ್ದದ ಪಠ್ಯಕ್ಕೆ ಲಾಂಗ್ ಆಡಿಯೊ ಸಿಂಥೆಸಿಸ್ ಎಂಬ ಬೇರೆ ಕರೆ ಇದೆ. ಅದು ಕಡತವನ್ನು ಕ್ಲೌಡ್ ಸ್ಟೋರೇಜ್ ಬಕೆಟ್‌ಗೆ ಹಾಕುತ್ತದೆ.

ಇನ್ನೊಂದು ದೋಷ ಪದ್ಯ ಮತ್ತು ಪಟ್ಟಿಗಳಲ್ಲಿ ಎದುರಾಗುತ್ತದೆ: ವಾಕ್ಯ ತೀರಾ ಉದ್ದವಿದೆ ಎಂಬ 400. ಪೂರ್ಣವಿರಾಮವೇ ಇಲ್ಲದ ವಚನ, ಅಲ್ಪವಿರಾಮದಲ್ಲೇ ಸಾಗುವ ಹೆಸರುಗಳ ಪಟ್ಟಿ ಕೊಟ್ಟಾಗ ಬೈಟ್ ಮಿತಿಯೊಳಗಿದ್ದರೂ ಹೀಗಾಗಬಹುದು. ಸಾಲಿನ ಕೊನೆಗೆ ನೀವೇ ಪೂರ್ಣವಿರಾಮ ಇಡಿ.

ಬಜೆಟ್ ಅಲರ್ಟ್ ಹಾಕಿದ್ದೇವೆ, ಇನ್ನು ಬಿಲ್ ಏರದು ಎಂಬ ನಂಬಿಕೆ ಅಪಾಯಕಾರಿ. ಅಲರ್ಟ್ ಬರೀ ಇಮೇಲ್ ಕಳಿಸುತ್ತದೆ, ಸೇವೆ ನಿಲ್ಲಿಸುವುದಿಲ್ಲ. ಲೂಪ್‌ನಲ್ಲಿ ತಪ್ಪಿ ಒಂದೇ ಲೇಖನ ಸಾವಿರ ಸಲ ಹೋದರೆ ಸಾವಿರ ಸಲದ ದುಡ್ಡು. ಕೋಟಾ ಪುಟದಲ್ಲಿ ನಿಮಿಷದ ಮಿತಿಯನ್ನು ನೀವೇ ಇಳಿಸಿಡಿ.

ಅಜೂರ್

ಕನ್ನಡಕ್ಕೆ ಸಪ್ನಾ ಎಂಬ ಹೆಣ್ಣುದನಿ, ಗಗನ್ ಎಂಬ ಗಂಡುದನಿ. ಎರಡೂ ನ್ಯೂರಲ್. ಹತ್ತು ಲಕ್ಷ ಅಕ್ಷರಕ್ಕೆ ಸುಮಾರು 16 ಡಾಲರ್. ಎಫ್0 ಎಂಬ ಉಚಿತ ಶ್ರೇಣಿಯಲ್ಲಿ ತಿಂಗಳಿಗೆ 5 ಲಕ್ಷ ಅಕ್ಷರ, ಆದರೆ 60 ಸೆಕೆಂಡಿಗೆ 20 ರಿಕ್ವೆಸ್ಟ್ ಮಾತ್ರ. ಪಠ್ಯವನ್ನು ಚೂರು ಮಾಡಿ ಒಟ್ಟಿಗೇ ಕಳಿಸುವ ಕೋಡ್ ಎಫ್0ನಲ್ಲಿ 429ಕ್ಕೆ ಸಿಕ್ಕಿಬೀಳುವುದು ಇದರಿಂದಲೇ. ಕೋಡ್ ಸರಿಯಿದೆ, ಶ್ರೇಣಿ ಚಿಕ್ಕದು.

ರಿಸೋರ್ಸ್ ತೆರೆಯುವಾಗ ರೀಜನ್ ಕೇಳುತ್ತದೆ. ಸೆಂಟ್ರಲ್ ಇಂಡಿಯಾ ಅಂದರೆ ಪುಣೆ. ಕರ್ನಾಟಕದ ಬಳಕೆದಾರರಿಗೆ ಅದೇ ವಾಸಿ. ಕೀ ಯಾವ ರೀಜನ್‌ನದೋ ಕೋಡ್‌ನಲ್ಲೂ ಅದೇ ರೀಜನ್ ಇರಬೇಕು, ಬೇರೆಯಾದರೆ ಕೀ ಒಪ್ಪದ 401 ದೋಷ. ಹೊಸಬರ ತಪ್ಪುಗಳಲ್ಲಿ ಅರ್ಧಕ್ಕರ್ಧ ಇದೇ ಎಂದರೆ ಹೆಚ್ಚೇನಲ್ಲ.

ಎಸ್‌ಡಿಕೆಯಲ್ಲಿ (ಕೋಡ್ ಲೈಬ್ರರಿ) ಸ್ಪೀಚ್ ಕಾನ್ಫಿಗ್‌ಗೆ ಕೀ ಮತ್ತು ರೀಜನ್ ಕೊಟ್ಟು, ಧ್ವನಿಯ ಹೆಸರು ಹಾಕಿ, ಸ್ಪೀಚ್ ಸಿಂಥೆಸೈಜರ್ ಮಾಡಿಕೊಳ್ಳುತ್ತೀರಿ. ಸರ್ವರ್‌ನಲ್ಲಿ ನಡೆಯುವ ಕೋಡ್ ಆದರೆ ಆಡಿಯೊ ಕಾನ್ಫಿಗ್‌ಗೆ ನನ್ (None) ಎಂದು ಸ್ಪಷ್ಟವಾಗಿ ಕೊಡಿ. ಇಲ್ಲವಾದರೆ ಅದು ಸರ್ವರ್‌ನ ಸ್ಪೀಕರ್ ಹುಡುಕಲು ಹೋಗಿ ಸೋಲುತ್ತದೆ. ಇನ್ನೊಂದು ವಿಚಿತ್ರ: ಕರೆ ವಿಫಲವಾದರೂ ಎಕ್ಸೆಪ್ಷನ್ ಬರುವುದಿಲ್ಲ. ಫಲಿತಾಂಶದ ರೀಸನ್ ಎಂಬ ಗುಣ "ಕ್ಯಾನ್ಸಲ್ಡ್" ಆಗಿರುತ್ತದೆ, ಒಳಗೆ ದೋಷದ ವಿವರವಿರುತ್ತದೆ. ಅದನ್ನು ನೋಡದೆ ಮುಂದೆ ಹೋದರೆ ಸೊನ್ನೆ ಬೈಟ್‌ನ ಕಡತಗಳು ಸದ್ದಿಲ್ಲದೆ ಗುಡ್ಡೆಯಾಗುತ್ತವೆ.

ನೇರ ರೆಸ್ಟ್ ಕರೆಗೆ ಎಸ್‌ಎಸ್‌ಎಂಎಲ್ ಕಡ್ಡಾಯ. ಇದು ಎಕ್ಸ್‌ಎಂಎಲ್ ಆದ್ದರಿಂದ ಪಠ್ಯದಲ್ಲಿ & ಅಥವಾ < ಚಿಹ್ನೆ ಹಾಗೇ ಇದ್ದರೆ 400. "ಶೆಟ್ಟಿ & ಸನ್ಸ್" ಎಂಬ ಅಂಗಡಿ ಹೆಸರು ಬರುವವರೆಗೆ ಎಲ್ಲ ಸರಿಯಿತ್ತು ಎನ್ನುವ ದೂರಿಗೆ ಇದೇ ಮೂಲ. ಪಠ್ಯವನ್ನು ಎಸ್ಕೇಪ್ ಮಾಡುವ ಫಂಕ್ಷನ್ ಪೈಥಾನ್‌ನ ಎಕ್ಸ್‌ಎಂಎಲ್ ಲೈಬ್ರರಿಯಲ್ಲೇ ಇದೆ.

ಅಜೂರ್‌ನ ನಿಜವಾದ ಬಲ ವರ್ಡ್ ಬೌಂಡರಿ ಈವೆಂಟ್. ಓದುತ್ತ ಹೋದಂತೆ ಪ್ರತಿ ಪದ ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಕೋಡ್‌ಗೆ ತಿಳಿಸುತ್ತದೆ. ಲೆಕ್ಕ 100 ನ್ಯಾನೊಸೆಕೆಂಡ್‌ನ ಟಿಕ್‌ಗಳಲ್ಲಿರುತ್ತದೆ. 10,000ದಿಂದ ಭಾಗಿಸಿದರೆ ಮಿಲಿಸೆಕೆಂಡ್. ಓದುಪುಸ್ತಕ, ಸಬ್‌ಟೈಟಲ್, ಕನ್ನಡ ಕಲಿಯುವವರ ಆ್ಯಪ್ ಇವಕ್ಕೆಲ್ಲ ಇದು ಅಮೂಲ್ಯ. ಗೂಗಲ್‌ನಲ್ಲಿ ಇದೇ ಕೆಲಸಕ್ಕೆ ಪಠ್ಯದೊಳಗೆ ಪದಪದಕ್ಕೂ ಮಾರ್ಕ್ ಟ್ಯಾಗ್ ನೆಡಬೇಕು, ಬೀಟಾ ಎಪಿಐ ಬಳಸಬೇಕು. ಆಗುತ್ತದೆ, ಆದರೆ ಕೈಕೆಲಸ ಹೆಚ್ಚು.

ಮಿತಿ ಇಲ್ಲಿ ಒಂದು ಕರೆಗೆ 10 ನಿಮಿಷದ ಆಡಿಯೊ. ಅದಕ್ಕೂ ಉದ್ದವಿದ್ದರೆ ಬ್ಯಾಚ್ ಸಿಂಥೆಸಿಸ್.

ಸರ್ವಂ, ಭಾಷಿಣಿ

ಬೆಂಗಳೂರಿನ ಸರ್ವಂ ಎಐ ಕಂಪನಿಯ ಟಿಟಿಎಸ್ ಮಾದರಿಗೆ ಬುಲ್‌ಬುಲ್ ಎಂದು ಹೆಸರು. ಕನ್ನಡ ಸೇರಿ ಹತ್ತು ಭಾರತೀಯ ಭಾಷೆ ಮತ್ತು ಇಂಗ್ಲಿಷ್. ಎರಡನೇ ಆವೃತ್ತಿಯ ದರ 10,000 ಅಕ್ಷರಕ್ಕೆ 15 ರೂಪಾಯಿ, ಅಂದರೆ ಹತ್ತು ಲಕ್ಷಕ್ಕೆ 1,500 ರೂಪಾಯಿ. ಒಂದು ರಿಕ್ವೆಸ್ಟ್‌ಗೆ 1,500 ಅಕ್ಷರದ ಮಿತಿ. ಹೊಸ ಆವೃತ್ತಿಗಳಲ್ಲಿ ದರ, ಮಿತಿ, ಧ್ವನಿಗಳ ಹೆಸರು, ಒಪ್ಪುವ ಪ್ಯಾರಾಮೀಟರ್‌ಗಳು ಬದಲಾಗುತ್ತವೆ. ಕೋಡ್‌ನಲ್ಲಿ ಮಾದರಿಯ ಆವೃತ್ತಿಯನ್ನು ಯಾವಾಗಲೂ ನಮೂದಿಸಿ.

ಬಳಕೆ ಸರಳ: ಹೆಡರ್‌ನಲ್ಲಿ ಕೀ, ಒಳಗೆ ಪಠ್ಯ, ಭಾಷಾ ಸಂಕೇತ, ಧ್ವನಿಯ ಹೆಸರು. ಉತ್ತರದಲ್ಲಿ ಬೇಸ್64 ಆಡಿಯೊಗಳ ಪಟ್ಟಿ. ಒಂದೇ ಇದ್ದರೂ ಪಟ್ಟಿಯೇ, ಮೊದಲನೆಯದನ್ನು ತೆಗೆದು ಡಿಕೋಡ್ ಮಾಡಬೇಕು. "ನಿಮ್ಮ ಆರ್ಡರ್ ಡೆಲಿವರಿ ಆಗಿದೆ, ಒಟಿಪಿ ಶೇರ್ ಮಾಡ್ಬೇಡಿ" ಎಂಬ ಬೆರಕೆ ಮಾತಿಗೆ ಇದು ಚೆನ್ನಾಗಿ ಹೊಂದುತ್ತದೆ. ಆಡುಮಾತಿಗೆ ಹತ್ತಿರದ ಓಟ ಅದರಲ್ಲಿದೆ. ಎರಡನೇ ಆವೃತ್ತಿಯಲ್ಲಿ ಪ್ರೀಪ್ರೊಸೆಸಿಂಗ್ ಎಂಬ ಆಯ್ಕೆ ಆನ್ ಮಾಡಿದರೆ ಅಂಕೆ, ದಿನಾಂಕ, ರೋಮನ್ ಲಿಪಿಯ ಪದಗಳನ್ನು ತಾನೇ ಬಿಡಿಸಿಕೊಳ್ಳಲು ನೋಡುತ್ತದೆ. ಗ್ರಂಥಸ್ಥ ಕನ್ನಡದ ಉದ್ದ ವಾಕ್ಯಗಳಿಗೆ ನಮ್ಮ ಒಲವು ಗೂಗಲ್ ಇಲ್ಲವೇ ಅಜೂರ್ ಕಡೆಗೇ.

ಭಾಷಿಣಿ 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಭಾಷಾ ವೇದಿಕೆ. ಇದರ ಎಪಿಐ ಎರಡು ಹೆಜ್ಜೆಯದು. ಮೊದಲ ಕರೆಯಲ್ಲಿ "ಕನ್ನಡದ ಟಿಟಿಎಸ್ ಬೇಕು" ಎಂದು ಕೇಳುತ್ತೀರಿ; ಯಾವ ಮಾದರಿ, ಎಲ್ಲಿಗೆ ಕರೆ ಮಾಡಬೇಕು, ಯಾವ ಕೀ ಬಳಸಬೇಕು ಎಂಬ ಉತ್ತರ ಬರುತ್ತದೆ. ಎರಡನೇ ಕರೆಯಲ್ಲಿ ಪಠ್ಯ ಕೊಟ್ಟು ಆಡಿಯೊ ಪಡೆಯುತ್ತೀರಿ. ಪ್ರತಿ ವಾಕ್ಯಕ್ಕೂ ಎರಡೂ ಕರೆ ಮಾಡಿದರೆ ಸುಮ್ಮನೆ ನಿಧಾನ. ಮೊದಲ ಉತ್ತರವನ್ನು ಇಟ್ಟುಕೊಂಡು ಮತ್ತೆ ಬಳಸಿ. ಇಲ್ಲಿ ಭಾಷಾ ಸಂಕೇತ ಬರೀ ಕೆಎನ್, ಹಿಂದೆ ಐಎನ್ ಇಲ್ಲ. ಬೇರೆ ಸೇವೆಯ ಕೋಡನ್ನು ಹಾಗೇ ಅಂಟಿಸಿದವರು ಇಲ್ಲಿ ಎಡವುತ್ತಾರೆ.

ಪಾಲಿ ಏಕೆ ಬೇಡ

ಅಮೆಜಾನ್ ಪಾಲಿಯಲ್ಲಿ ಭಾರತದ ಪಾಲಿಗೆ ಹಿಂದಿ ಮತ್ತು ಭಾರತೀಯ ಇಂಗ್ಲಿಷ್ ಧ್ವನಿಗಳಿವೆ, ಕನ್ನಡದ ಧ್ವನಿ ಇಲ್ಲ. ತಮ್ಮ ಇಡೀ ವ್ಯವಸ್ಥೆ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್ ಮೇಲಿದೆ ಎಂಬ ಕಾರಣಕ್ಕೆ ಕೆಲವರು ಕನ್ನಡವನ್ನು ದೇವನಾಗರಿಗೆ ಲಿಪ್ಯಂತರಿಸಿ ಹಿಂದಿ ದನಿಯಿಂದ ಓದಿಸಲು ನೋಡುತ್ತಾರೆ. ಹಿಂದಿ ಪದದ ಕೊನೆಯ ಅಕಾರವನ್ನು ನುಂಗುತ್ತದೆ, "ಕರ್ನಾಟಕ" ಹೋಗಿ "ಕರ್ನಾಟಕ್" ಆಗುತ್ತದೆ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘದ ಭೇದವೂ ಅಲ್ಲಿಲ್ಲ. ರೈತನ ಬೆಳೆ ಸಾರಿನ ಬೇಳೆಯಾಗುತ್ತದೆ. ಈ ಉಪಾಯ ಬಿಡಿ. ಎಡಬ್ಲ್ಯುಎಸ್‌ನಲ್ಲಿ ಕೋಡ್ ಓಡಿಸುವ ಲ್ಯಾಂಬ್ಡಾದಿಂದಲೇ ಗೂಗಲ್ ಅಥವಾ ಸರ್ವಂಗೆ ಒಂದು ಎಚ್‌ಟಿಟಿಪಿ ಕರೆ ಮಾಡಿ, ಆಡಿಯೊವನ್ನು ಅಲ್ಲಿನ ಕಡತ ಸಂಗ್ರಹವಾದ ಎಸ್3ಯಲ್ಲಿ ಇಟ್ಟುಕೊಳ್ಳಿ. ಯಾರೂ ತಡೆಯುವುದಿಲ್ಲ.

ಅಕ್ಷರ ಎಣಿಸುವ ಲೆಕ್ಕ

"ಅಕ್ಷರಕ್ಕೆ ಇಷ್ಟು" ಎಂಬ ದರಪಟ್ಟಿಯಲ್ಲಿ ಅಕ್ಷರ ಎಂದರೆ ನಾವು ಶಾಲೆಯಲ್ಲಿ ಕಲಿತ ಅಕ್ಷರವಲ್ಲ, ಯೂನಿಕೋಡ್ ಚಿಹ್ನೆ. "ಕರ್ನಾಟಕ" ನಮ್ಮ ಕಣ್ಣಿಗೆ 4 ಅಕ್ಷರ. ಯಂತ್ರಕ್ಕೆ ಕ, ರ, ಅರ್ಧಾಕ್ಷರದ ಗುರುತು, ನ, ದೀರ್ಘ, ಟ, ಕ ಎಂದು 7 ಚಿಹ್ನೆ, 21 ಬೈಟ್. ಒತ್ತಕ್ಷರ, ಗುಣಿತ ಎಲ್ಲಕ್ಕೂ ಬೆಲೆ ಇದೆ. ಖಾಲಿ ಜಾಗ, ಸಾಲು ಮುರಿತ, ವಿರಾಮ ಚಿಹ್ನೆಗೂ ಇದೆ. ಎಸ್‌ಎಸ್‌ಎಂಎಲ್ ಟ್ಯಾಗ್‌ಗಳೂ ಲೆಕ್ಕಕ್ಕೆ ಬರುತ್ತವೆ: ಗೂಗಲ್ ಮಾರ್ಕ್ ಟ್ಯಾಗ್ ಒಂದನ್ನು ಬಿಡುತ್ತದೆ, ಅಜೂರ್ ಸ್ಪೀಕ್ ಮತ್ತು ವಾಯ್ಸ್ ಟ್ಯಾಗ್‌ಗಳನ್ನು ಬಿಡುತ್ತದೆ. ಪದಪದಕ್ಕೂ ಟ್ಯಾಗ್ ಸುತ್ತಿದರೆ ಬಿಲ್ ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಪೈಥಾನ್‌ನ ಲೆನ್ ಫಂಕ್ಷನ್ ಕೊಡುವುದು ಇದೇ ಚಿಹ್ನೆಗಳ ಎಣಿಕೆ, ಅಂದಾಜಿಗೆ ಅದನ್ನೇ ಹಿಡಿಯಿರಿ.

ಒಂದು ಸುದ್ದಿತಾಣ ದಿನಕ್ಕೆ 20 ವರದಿ, ತಲಾ 3,000 ಚಿಹ್ನೆ ಓದಿಸುತ್ತದೆ ಎನ್ನಿ. ತಿಂಗಳಿಗೆ 18 ಲಕ್ಷ. ಗೂಗಲ್ ಸ್ಟ್ಯಾಂಡರ್ಡ್ ಉಚಿತ ಮಿತಿಯೊಳಗೇ ಮುಗಿಯಿತು. ಚರ್ಪ್ 3 ಎಚ್‌ಡಿಯಲ್ಲಿ 10 ಲಕ್ಷ ಕಳೆದು ಉಳಿದ 8 ಲಕ್ಷಕ್ಕೆ 24 ಡಾಲರ್. ಅಜೂರ್‌ನ ಪಾವತಿ ಶ್ರೇಣಿಯಲ್ಲಿ ಸುಮಾರು 29 ಡಾಲರ್. ಸರ್ವಂನ ಎರಡನೇ ಆವೃತ್ತಿಯಲ್ಲಿ 2,700 ರೂಪಾಯಿ. ಎಲ್ಲದರ ಮೇಲೂ ಜಿಎಸ್‌ಟಿ ಬೇರೆ. ದರಗಳು ಬದಲಾಗುತ್ತಿರುತ್ತವೆ, ಸಹಿ ಹಾಕುವ ಮುನ್ನ ಆಯಾ ಬೆಲೆಪುಟ ತೆರೆದು ನೋಡಿ. ಆದರೆ ಇಷ್ಟು ಪ್ರಮಾಣದಲ್ಲಿ ಬೆಲೆಯ ವ್ಯತ್ಯಾಸಕ್ಕಾಗಿ ಸೇವೆ ಬದಲಿಸುವುದರಲ್ಲಿ ಅರ್ಥವಿಲ್ಲ. ಉಳಿದ ದುಡ್ಡಿಗಿಂತ ಕೋಡ್ ತಿದ್ದುವ ಸಮಯವೇ ದುಬಾರಿ.

ಪಠ್ಯ ಶುದ್ಧಿ: ಅಸಲು ಕೆಲಸ ಇಲ್ಲಿದೆ

ಯಾವ ಸೇವೆ ಆರಿಸಿದರೂ ಈ ಭಾಗ ತಪ್ಪಿದ್ದಲ್ಲ. ಉಚ್ಚಾರ ಕೆಟ್ಟಿದೆ ಎಂದು ಸೇವೆಯನ್ನು ದೂರುವ ಬಹಳಷ್ಟು ಸಂದರ್ಭಗಳಲ್ಲಿ ಕೆಟ್ಟಿರುವುದು ಪಠ್ಯ.

ಮೊದಲು ನೋಡಬೇಕಾದ್ದು ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಾದ ಕಡತಗಳು. ಕಚೇರಿಗಳಲ್ಲಿ ಇವತ್ತಿಗೂ ರಾಶಿ ರಾಶಿ ಇವೆ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಟಿಟಿಎಸ್ ಅದನ್ನೇ ಓದುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಪಿಡಿಎಫ್‌ನಿಂದ ನಕಲಿಸಿದ ಪಠ್ಯದಲ್ಲೂ ಒತ್ತಕ್ಷರಗಳು ಸ್ಥಾನ ತಪ್ಪಿರುವುದು ಸಾಮಾನ್ಯ.

ಎರಡನೆಯದು ಸೊನ್ನೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕೆಯನ್ನು ಟೈಪ್ ಮಾಡುವ ರೂಢಿ ಹಳೆಯದು. "ಬೆ೦ಗಳೂರು" ಮತ್ತು "ಬೆಂಗಳೂರು" ಕಣ್ಣಿಗೆ ಒಂದೇ. ಮೊದಲನೆಯದರಲ್ಲಿರುವುದು ಅಂಕೆ, ಆದ್ದರಿಂದ ಎಂಜಿನ್ ಪದವನ್ನು ಅಲ್ಲಿ ಕತ್ತರಿಸಿ ಸೊನ್ನೆ ಎಂದು ಓದಬಹುದು, ಇಲ್ಲವೇ ನುಂಗಬಹುದು. ರೆಗ್ಯುಲರ್ ಎಕ್ಸ್‌ಪ್ರೆಷನ್‌ನಿಂದ ತಿದ್ದಿ: ಕನ್ನಡ ಸೊನ್ನೆಯ ಹಿಂದೆ ಕನ್ನಡದ ಅಕ್ಷರ ಅಥವಾ ಸ್ವರಚಿಹ್ನೆ ಇದ್ದರೆ ಅನುಸ್ವಾರ ಮಾಡಿ, ಹಿಂದೆ ಅಂಕೆ ಇದ್ದರೆ ಮುಟ್ಟಬೇಡಿ.

ಆಮೇಲೆ ಎನ್‌ಎಫ್‌ಸಿ ನಾರ್ಮಲೈಸೇಷನ್, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಕೋಡ್ ರೂಪಗಳನ್ನು ಒಂದಕ್ಕೆ ತರುವುದು. ಓತ್ವದ ಚಿಹ್ನೆ ಒಂದೇ ಕೋಡ್ ಆಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಒಂದೇ ಸಾಲಿನ ಕೆಲಸ. ಇದರಿಂದ ಉಚ್ಚಾರ ಸರಿಯಾಗುವುದಲ್ಲದೆ ಬಿಲ್ ಕೂಡ ಸ್ವಲ್ಪ ಇಳಿಯುತ್ತದೆ.

ಅಂಕೆಗಳ ಸಂಗತಿ ಎಲ್ಲಕ್ಕಿಂತ ತೊಡಕು. ಕನ್ನಡದಲ್ಲಿ ಅಂಕೆಗೆ ಪ್ರತ್ಯಯ ಅಂಟಿಕೊಂಡೇ ಬರುತ್ತದೆ: 15ರಂದು, 5ನೇ, 20ಕ್ಕೆ. ಎಂಜಿನ್ ಅಂಕೆಯನ್ನು ಬಿಡಿಸಿ ಪ್ರತ್ಯಯವನ್ನು ಬೇರೆ ಓದಿದರೆ "ಹದಿನೈದು ರಂದು" ಎಂದಾಗುತ್ತದೆ. ಬೇಕಿರುವುದು "ಹದಿನೈದರಂದು". ಸೇವೆಗೆ ಬಿಡದೆ ನೀವೇ ಪದಗಳಾಗಿ ಬರೆದು ಕಳಿಸುವುದು ಕ್ಷೇಮ. ನಿಯಮ ಕಷ್ಟದ್ದಲ್ಲ: ಸಂಖ್ಯಾಪದದ ಕೊನೆಯ ಉಕಾರ ಪ್ರತ್ಯಯದ ಮುಂದೆ ಅಕಾರವಾಗುತ್ತದೆ. ಐದು ಐದನೇ, ಹತ್ತು ಹತ್ತಕ್ಕೆ, ಮೂರು ಮೂರರ, ನೂರು ನೂರಕ್ಕೆ. ಸಾವಿರ, ಲಕ್ಷ, ಕೋಟಿ ಈ ಸಾಲಿಗೆ ಸೇರವು. "2000ರಲ್ಲಿ" ಎಂಬುದು "ಎರಡು ಸಾವಿರದಲ್ಲಿ" ಆಗಬೇಕು, ಕೋಟಿಗೆ "ಕೋಟಿಗೆ" ಎಂದೇ ಬರಬೇಕು. ಇವಕ್ಕೆ ಬೇರೆ ಪಟ್ಟಿ ಇಡಿ.

ನಮ್ಮ ಪತ್ರಿಕೆಗಳು ಸಮಯಕ್ಕೆ ಬಿಂದು ಬಳಸುತ್ತವೆ. "10.30ಕ್ಕೆ" ಎಂಬುದನ್ನು ಎಂಜಿನ್ ದಶಮಾಂಶ ಎಂದು ತಿಳಿದು "ಹತ್ತು ಪಾಯಿಂಟ್ ಮೂವತ್ತು" ಎಂದುಬಿಡುತ್ತದೆ. ಹಿಂದೆ "ಬೆ.", "ಸಂ.", "ರಾತ್ರಿ" ಇದ್ದರೆ ಅದು ಸಮಯ, "ಹತ್ತೂವರೆಗೆ" ಅಥವಾ "ಹತ್ತು ಮೂವತ್ತಕ್ಕೆ" ಎಂದು ಬದಲಿಸಿ. ಫೋನ್ ಸಂಖ್ಯೆ, ಒಟಿಪಿ, ಖಾತೆ ಸಂಖ್ಯೆಗಳನ್ನು ಅಂಕೆ ಅಂಕೆಯಾಗಿ, ನಡುವೆ ಅಲ್ಪವಿರಾಮ ಇಟ್ಟು ಕೊಡಿ. ಇಲ್ಲದಿದ್ದರೆ ಒಟಿಪಿ ಲಕ್ಷಗಳಲ್ಲಿ ಕೇಳಿಸುತ್ತದೆ.

ಸಂಕ್ಷಿಪ್ತ ರೂಪಗಳಿಗೆ ಒಂದು ಬದಲಿ ಕೋಶ ಬೇಕು: ಡಾ., ಕಿ.ಮೀ., ಚ. ಅಡಿ, ರೂ., ತಾ., ಕ್ರಿ.ಶ. ಇವನ್ನು ವಾಕ್ಯ ಒಡೆಯುವ ಮುನ್ನವೇ ಬಿಡಿಸಬೇಕು. ಇಲ್ಲವಾದರೆ ಪ್ರತಿ ಬಿಂದುವೂ ವಾಕ್ಯದ ಕೊನೆಯಾಗಿ ಕಂಡು ದನಿ ಅಲ್ಲಲ್ಲೇ ಬೀಳುತ್ತದೆ. "ದಿ." ಬಗ್ಗೆ ವಿಶೇಷ ಎಚ್ಚರ. ಮುಂದೆ ಅಂಕೆ ಬಂದರೆ ದಿನಾಂಕ, ಹೆಸರು ಬಂದರೆ ದಿವಂಗತ. ಇದರಲ್ಲಿ ತಪ್ಪಿದರೆ ಬರೀ ತಾಂತ್ರಿಕ ದೋಷ ಎಂದು ಯಾರೂ ಕ್ಷಮಿಸುವುದಿಲ್ಲ.

ಇಂಗ್ಲಿಷ್ ಪದಗಳನ್ನು ರೋಮನ್ ಲಿಪಿಯಲ್ಲಿ ಬಿಡಬೇಕೇ, ಕನ್ನಡಕ್ಕೆ ತರಬೇಕೇ? ಇದು ಧ್ವನಿಯಿಂದ ಧ್ವನಿಗೆ ಬೇರೆ, ಎರಡೂ ರೀತಿ ಕೇಳಿಯೇ ತೀರ್ಮಾನಿಸಿ. "ಆ್ಯಪ್", "ಸಾಫ್ಟ್‌ವೇರ್" ಥರದ ಪದಗಳನ್ನು ಪ್ರತ್ಯೇಕ ಪರೀಕ್ಷಿಸಿ. ಮೊದಲನೆಯದರಲ್ಲಿ ಸ್ವರದ ಮೇಲೆ ಒತ್ತು ಬಂದಿದೆ, ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆ ಇದೆ. ಕೆಲವು ಎಂಜಿನ್‌ಗಳು ಇವೆರಡರಲ್ಲೂ ಮುಗ್ಗರಿಸುತ್ತವೆ.

ಕಿವಿಗೆ ಕೊಡುವ ಪರೀಕ್ಷೆ

ನಿಮ್ಮದೇ ಪಠ್ಯದಿಂದ ಇಪ್ಪತ್ತು ಮೂವತ್ತು ಸಾಲು ಆರಿಸಿ, ಎಲ್ಲ ಸೇವೆಗಳಿಂದಲೂ ಓದಿಸಿ, ಕಡತಗಳ ಹೆಸರು ಮರೆಮಾಡಿ ನಾಲ್ಕು ಜನರಿಗೆ ಕೇಳಿಸಿ. ಅವರಲ್ಲಿ ಒಬ್ಬರಾದರೂ ಕೋಡ್ ಗೊತ್ತಿಲ್ಲದವರಾಗಿರಲಿ. ಸಾಲುಗಳಲ್ಲಿ ಹಲ್ಲಿ-ಹಳ್ಳಿ, ಕತೆ-ಕತ್ತೆ, ಕೊಡು-ಕೋಡು ಥರದ ಜೋಡಿಗಳು ಇರಲಿ. ಒಂದು ಪ್ರಶ್ನೆ ("ನೀವು ನಾಳೆ ಬರ್ತೀರಾ?"), ಒಂದು ಆಡುಮಾತಿನ ಸಾಲು, ಇಪ್ಪತ್ತೈದು ಪದದ ಒಂದು ಉದ್ದ ವಾಕ್ಯ, ಊರಿನ ಹೆಸರುಗಳು ಇರಲಿ. ಚಿಕ್ಕನಾಯಕನಹಳ್ಳಿ, ಹೊಳಲ್ಕೆರೆ, ಹಟ್ಟಿಯಂಗಡಿ ಸರಿಯಾಗಿ ಬಂದರೆ ಉಳಿದವೂ ಬರುತ್ತವೆ. ಉದ್ದ ವಾಕ್ಯದಲ್ಲಿ ಗಮನಿಸಬೇಕಾದ್ದು ಉಸಿರು ತೆಗೆದುಕೊಳ್ಳುವ ಜಾಗ. ಕ್ರಿಯಾಪದ ಕೊನೆಯಲ್ಲಿ ಬರುವ ನಮ್ಮ ವಾಕ್ಯವನ್ನು ತಪ್ಪು ಕಡೆ ಮುರಿದರೆ ಅರ್ಥವೇ ಕಡಿದುಹೋಗುತ್ತದೆ.

ಚೂರು ಮಾಡುವುದು, ಜೋಡಿಸುವುದು

ಎಲ್ಲ ಸೇವೆಗೂ ಹೊಂದುವ ತುಂಡಿನ ಅಳತೆ 1,400 ಚಿಹ್ನೆ. ಸರ್ವಂನ 1,500ರ ಒಳಗೂ ಬಂತು, ಹೆಚ್ಚೆಂದರೆ 4,200 ಬೈಟ್ ಆಗುವುದರಿಂದ ಗೂಗಲ್‌ನ 5,000ದ ಒಳಗೂ ಬಂತು. ಪ್ಯಾರಾದಲ್ಲಿ ಮುರಿಯಿರಿ. ಆಗದಿದ್ದರೆ ವಾಕ್ಯದಲ್ಲಿ, ಅದೂ ಆಗದಿದ್ದರೆ ಅಲ್ಪವಿರಾಮದಲ್ಲಿ. ಬೈಟ್ ಎಣಿಸಿ ಕಣ್ಣುಮುಚ್ಚಿ ಕತ್ತರಿಸಿದರೆ ಒತ್ತಕ್ಷರದ ನಡುವೆ ಕತ್ತರಿ ಬಿದ್ದು, ಒಂದು ತುಂಡಿನ ಕೊನೆಗೆ ಅರ್ಧ ವ್ಯಂಜನ, ಇನ್ನೊಂದರ ಆರಂಭಕ್ಕೆ ಅನಾಥ ಅಕ್ಷರ ಉಳಿಯುತ್ತದೆ.

ಎಂಪಿ3 ತುಂಡುಗಳನ್ನು ಒಂದಕ್ಕೊಂದು ಅಂಟಿಸಬೇಡಿ. ಎಂಪಿ3 ಎನ್‌ಕೋಡರ್ ಪ್ರತಿ ಕಡತದ ತುದಿಗೂ ಮೌನದ ಪಟ್ಟಿ ಸೇರಿಸುತ್ತದೆ, ಬೆಸುಗೆಯಲ್ಲಿ ತಡವರಿಕೆ ಕೇಳುತ್ತದೆ. ಲೀನಿಯರ್16 (ಕುಗ್ಗಿಸದ ಆಡಿಯೊ) ಎಂದು ಕೇಳಿ ವೇವ್ ಪಡೆಯಿರಿ, ಪೈಥಾನ್‌ನ ವೇವ್ ಮಾಡ್ಯೂಲ್‌ನಿಂದ ಹೆಡರ್ ಬಿಟ್ಟು ಒಳಗಿನ ಫ್ರೇಮ್‌ಗಳನ್ನಷ್ಟೇ ಜೋಡಿಸಿ, ಪ್ಯಾರಾಗಳ ನಡುವೆ 400 ಮಿಲಿಸೆಕೆಂಡ್ ಮೌನ ಹಾಕಿ, ಕೊನೆಯಲ್ಲಿ ಎಫ್‌ಎಫ್‌ಎಂಪೆಗ್‌ನಿಂದ ಒಮ್ಮೆ ಮಾತ್ರ ಎಂಪಿ3 ಮಾಡಿ. ಹೆಡರ್ ಸಮೇತ ಅಂಟಿಸಿದರೆ ಪ್ರತಿ ಬೆಸುಗೆಯಲ್ಲೂ "ಟಕ್" ಎಂಬ ಸದ್ದು.

ಫೋನ್ ಕರೆಗೆ ಬೇರೆ ಅಳತೆ: 8 ಕಿಲೊಹರ್ಟ್ಸ್. ಭಾರತದ ದೂರವಾಣಿ ಜಾಲ ಎ-ಲಾ ಎಂಬ ಆಡಿಯೊ ಬಗೆಯನ್ನು ಬಳಸುತ್ತದೆ. ಗೂಗಲ್ ಮತ್ತು ಅಜೂರ್ ಎರಡೂ ಅದನ್ನು ನೇರವಾಗಿ ಕೊಡುತ್ತವೆ. ದುಬಾರಿ ಎಚ್‌ಡಿ ದನಿಯ ಸೊಗಸು 8 ಕಿಲೊಹರ್ಟ್ಸ್‌ನಲ್ಲಿ ಸೋರಿಹೋಗುತ್ತದೆ. ಐವಿಆರ್‌ಗೆ (ಕರೆಗೆ ತಾನಾಗಿ ಉತ್ತರಿಸುವ ವ್ಯವಸ್ಥೆ) ಅಗ್ಗದ ದನಿಯೇ ಜಾಣತನ. ವೇಗವನ್ನು 0.9ಕ್ಕೆ ಇಳಿಸಿ, ಹಿರಿಯರಿಗೆ ಅನುಕೂಲ.

ಕೋಡ್ ಕಟ್ಟುವಾಗ

ಸೇವೆಯ ಹೆಸರು ನಿಮ್ಮ ಕೋಡ್‌ನಲ್ಲಿ ಒಂದೇ ಕಡೆ ಇರಲಿ. ಪಠ್ಯ, ಧ್ವನಿ, ವೇಗ ತೆಗೆದುಕೊಂಡು ವೇವ್ ಬೈಟ್ ಕೊಡುವ ಒಂದು ಫಂಕ್ಷನ್ ಬರೆದು, ಅದರ ಒಳಗೆ ಗೂಗಲ್ ಇದೆಯೋ ಸರ್ವಂ ಇದೆಯೋ ಹೊರಗಿನವರಿಗೆ ತಿಳಿಯದಂತೆ ಮಾಡಿ. ಶುದ್ಧಗೊಳಿಸಿದ ಪಠ್ಯ, ಸೇವೆ, ಧ್ವನಿ, ಆವೃತ್ತಿ, ವೇಗ ಎಲ್ಲವನ್ನೂ ಸೇರಿಸಿ ಶಾ-256 ಹ್ಯಾಶ್ (ಆ ಜೋಡಣೆಗಷ್ಟೇ ಬರುವ ಗುರುತು) ತೆಗೆದು ಅದನ್ನೇ ಕಡತದ ಹೆಸರಾಗಿಡಿ. ಕಡತ ಇದ್ದರೆ ಕರೆ ಮಾಡಬೇಡಿ. ಹ್ಯಾಶ್ ತೆಗೆಯುವುದು ಶುದ್ಧಿಯ ನಂತರವೇ ಆಗಬೇಕು. ಇಲ್ಲದಿದ್ದರೆ ಶುದ್ಧಿಯ ನಿಯಮ ತಿದ್ದಿದ ಮೇಲೂ ಹಳೆಯ ತಪ್ಪು ಉಚ್ಚಾರವೇ ಉಳಿಸಿಟ್ಟ ಕಡತದಿಂದ ಬರುತ್ತಿರುತ್ತದೆ.

429 ಮತ್ತು 503 (ಸೇವೆ ಸದ್ಯಕ್ಕೆ ಲಭ್ಯವಿಲ್ಲ) ಬಂದರೆ 1, 2, 4 ಸೆಕೆಂಡ್ ಹೀಗೆ ಕಾದು ಮತ್ತೆ ಪ್ರಯತ್ನಿಸಿ. 400, 401, 403 ಬಂದರೆ ಮತ್ತೆ ಪ್ರಯತ್ನಿಸಿ ಪ್ರಯೋಜನವಿಲ್ಲ, ನಿಲ್ಲಿಸಿ ಲಾಗ್ ಮಾಡಿ. ಕೀಯನ್ನು ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ನಲ್ಲಾಗಲಿ, ಆ್ಯಪ್‌ನ ಎಪಿಕೆ ಒಳಗಾಗಲಿ ಇಡಬೇಡಿ. ನಿಮ್ಮ ಸರ್ವರ್ ಮೂಲಕವೇ ಕರೆ ಹೋಗಲಿ. ರೋಗಿಯ ವರದಿ, ಸಾಲದ ಬಾಕಿ ಥರದ ಪಠ್ಯವನ್ನು ಓದಿಸುವಾಗ ಅದು ಹೊರಗಿನ ಕಂಪನಿಗೆ ಹೋಗುತ್ತಿದೆ ಎಂಬುದು ನೆನಪಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆ ನಿಮ್ಮ ಮೇಲೂ ಬರುತ್ತದೆ. ಹೆಸರು ಮತ್ತು ಮೊತ್ತದ ಭಾಗವನ್ನು ಬೇರ್ಪಡಿಸಿ, "ನಿಮ್ಮ ಬಾಕಿ", "ರೂಪಾಯಿಗಳು" ಎಂಬ ಸ್ಥಿರ ತುಣುಕುಗಳನ್ನೂ ಸಂಖ್ಯಾಪದಗಳನ್ನೂ ಮೊದಲೇ ಓದಿಸಿಟ್ಟುಕೊಂಡು ಕರೆಯ ಹೊತ್ತಿಗೆ ಸ್ಥಳೀಯವಾಗಿ ಜೋಡಿಸಿದರೆ ಖಾಸಗಿ ಮಾಹಿತಿ ಹೊರಗೆ ಹೋಗುವುದೇ ಇಲ್ಲ. ಓಟ ಸ್ವಲ್ಪ ಒಡ್ಡೊಡ್ಡಾಗಿರುತ್ತದೆ, ಬ್ಯಾಂಕಿನ ಕರೆಗೆ ಅಷ್ಟು ನಡೆಯುತ್ತದೆ.